ಮೂಕಪ್ರಾಣಿಗಳ ಅಂತ್ಯಕಾಲ ಮತ್ತು ಸರ್ಕಾರದ ನೀತಿ

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಯೊಬ್ಬನಿಗೆ ಸಹಜವಾದ ಸಂತೋಷ ನನಗೂ ಆಯಿತು. ಸಂಚಿಕೆಯ ಗಾಂಭೀರ್ಯಕ್ಕೆ ಒಪ್ಪುವ ವಿಷಯಗಳು ಹಲವಿದ್ದವು. ಆದರೆ ನಾನು ಆರಿಸಿಕೊಂಡಿರುವುದು ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಕಾಣದ ವಿಷಯ. ಆಹಾರಕ್ಕಾಗಿ ಕೊಲ್ಲಲ್ಪಡುವ ಪ್ರಾಣಿಗಳ ವಿಚಾರದಲ್ಲಿ ನಮ್ಮ ಸರ್ಕಾರಗಳ ನೀತಿ ಏನು, ಆ ನೀತಿ ಬೆಟ್ಟದಪುರದಂಥ ಊರನ್ನು ಎಷ್ಟರಮಟ್ಟಿಗೆ ಮುಟ್ಟಿದೆ ಎಂಬುದನ್ನು ಸಹೃದಯ ಓದುಗರ ಮುಂದೆ ಇಡಬಯಸುತ್ತೇನೆ. ಮಾಂಸಾಹಾರವನ್ನೇ ಒಲ್ಲದ ಸಂಸ್ಥೆಯ ಪುಟಗಳಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಯುಗಾದಿಯ ಮರುದಿನ, ಹೊಸತೊಡಕಿನ ಬೆಳಿಗ್ಗೆ, ಕಾರ್ಯನಿಮಿತ್ತ ಸಮೀಪದ ಪೇಟೆಯೊಂದಕ್ಕೆ ಹೋಗಿದ್ದೆ. ರಸ್ತೆಯ ಬದಿಯಲ್ಲಿ ಗಳುಗಳನ್ನು ನೆಟ್ಟು ತಾತ್ಕಾಲಿಕ ಮಾಂಸದಂಗಡಿಯನ್ನು ಕಟ್ಟಿದ್ದರು. ಜನ ಪಾತ್ರೆ, ಚೀಲಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಅಂಗಡಿಯ ಗೂಟಕ್ಕೆ ಐದಾರು ಕುರಿಗಳನ್ನು ಒಂದೇ ಹಗ್ಗದಲ್ಲಿ ಬಿಗಿದಿದ್ದರು. ಅವುಗಳ ಮುಂದೆ, ಎರಡು ಮಾರು ದೂರದಲ್ಲಿ, ಅದೇ ಹಿಂಡಿನ ಇನ್ನೊಂದು ಕುರಿಯ ಕತ್ತನ್ನು ಕೊಯ್ಯುತ್ತಿದ್ದರು. ಕಟ್ಟಿದ ಕುರಿಗಳಲ್ಲಿ ಒಂದು ಹಗ್ಗವನ್ನು ಎಳೆದು ಎಳೆದು ಕೊರಳು ಬಾಯಿಸಿಕೊಂಡಿತ್ತು. ಉಳಿದವು ಒಂದರ ಮೈಗೆ ಒಂದು ಒತ್ತಿಕೊಂಡು ನಡುಗುತ್ತಿದ್ದವು. ಸಾಲಿನಲ್ಲಿದ್ದವರು ಕ್ರೂರಿಗಳಲ್ಲ; ಹಬ್ಬಕ್ಕೆ ಮಕ್ಕಳು ಮನೆಗೆ ಬಂದಿದ್ದ ಸಂಸಾರಸ್ಥರು. ಕೊಯ್ಯುತ್ತಿದ್ದವನೂ ತನ್ನ ಕಾಯಕದಲ್ಲಿ ತೊಡಗಿದ್ದವನೇ. ಅಲ್ಲಿ ಯಾರಿಗೂ ಏನೂ ತಪ್ಪೆಂದು ತೋರಲಿಲ್ಲ. ನಾನೂ ಮುಖ ತಿರುಗಿಸಿ ಮುಂದೆ ನಡೆದೆ. ಅಂದು ಮುಖ ತಿರುಗಿಸಿದ್ದು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಮನೆಗೆ ಬಂದು, ಇಂಥದ್ದನ್ನು ತಡೆಯಲು ನಮ್ಮ ದೇಶದಲ್ಲಿ ಕಾನೂನೇ ಇಲ್ಲವೇ ಎಂದು ಹುಡುಕಿದೆ. ಇದೆ; ಅದೂ ಚೆನ್ನಾಗಿಯೇ ಇದೆ. 1890ರ ಹಳೆಯ ಕಾಯಿದೆ ಸಾಲದೆಂದು 1950ರ ದಶಕದಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ, ಭರತನಾಟ್ಯದಿಂದ ಹೆಸರಾದ ಶ್ರೀಮತಿ ರುಕ್ಮಿಣಿದೇವಿ ಅರುಂಡೇಲ್ ಅವರು ಖಾಸಗಿ ವಿಧೇಯಕವೊಂದನ್ನು ಮಂಡಿಸಿದರು. ಸರ್ಕಾರವೇ ಅಂಥ ಕಾಯಿದೆಯನ್ನು ತರುವುದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅವರು ಅದನ್ನು ಹಿಂತೆಗೆದುಕೊಂಡರು. ಅದರ ಫಲವೇ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಅದರಂತೆ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಳಿಗೆ 1962ರಲ್ಲಿ ಅವರೇ ಮೊದಲ ಅಧ್ಯಕ್ಷೆಯಾದರು. ಆಹಾರಕ್ಕಾಗಿ ಪ್ರಾಣಿಯನ್ನು ಕೊಲ್ಲುವುದು ಈ ಕಾಯಿದೆಯ ಪ್ರಕಾರ ಅಪರಾಧವಲ್ಲ. ಆದರೆ ಹಾಗೆ ಕೊಲ್ಲುವಾಗ ಅನಗತ್ಯ ನೋವನ್ನು ಕೊಡುವುದು ಅಪರಾಧ. ಮನುಷ್ಯನನ್ನುಳಿದು ಪ್ರತಿಯೊಂದು ಜೀವಿಯೂ ಈ ಕಾಯಿದೆಗೆ ಪ್ರಾಣಿಯೇ ಆದ್ದರಿಂದ ಕೋಳಿಯೂ ಇದರ ರಕ್ಷಣೆಗೆ ಒಳಪಟ್ಟಿದೆ.

ಇದೇ ಕಾಯಿದೆಯಡಿ 2001ರಲ್ಲಿ ಕಸಾಯಿಖಾನೆಗಳಿಗಾಗಿ ಪ್ರತ್ಯೇಕ ನಿಯಮಗಳು ಬಂದವು. ಗಬ್ಬದ ಪ್ರಾಣಿಯನ್ನು, ಮೂರು ತಿಂಗಳು ತುಂಬದ ಮರಿಯನ್ನು, ಅಂಥ ಮರಿಯುಳ್ಳ ತಾಯಿಯನ್ನು ಕೊಲ್ಲುವಂತಿಲ್ಲ. ಪಶುವೈದ್ಯರ ಪ್ರಮಾಣಪತ್ರವಿಲ್ಲದೆ ಯಾವ ಪ್ರಾಣಿಯನ್ನೂ ಕೊಲ್ಲುವಂತಿಲ್ಲ. ಪರೀಕ್ಷೆ ಕಾಟಾಚಾರವಾಗದಿರಲೆಂದು ವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡತಕ್ಕದ್ದಲ್ಲ. ಪರೀಕ್ಷೆಯಾದ ಪ್ರಾಣಿಗೆ 24 ಗಂಟೆಗಳ ವಿಶ್ರಾಂತಿ ಕೊಡಬೇಕು. ಪ್ರಜ್ಞೆ ತಪ್ಪಿಸುವುದಕ್ಕೆ ಬೇರೆ ಸ್ಥಳವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಪ್ರಾಣಿಯ ಕಣ್ಣೆದುರು ಮತ್ತೊಂದನ್ನು ಕೊಲ್ಲಕೂಡದು. ನಾನು ಹೊಸತೊಡಕಿನ ದಿನ ಕಂಡ ದೃಶ್ಯವನ್ನು ಕಂಡೇ ಬರೆದಂತಿದೆ ಈ ಕೊನೆಯ ನಿಯಮ.

ಹಾಗಿದ್ದ ಮೇಲೆ ಆ ದೃಶ್ಯ ಏಕೆ ನಡೆಯಿತು? ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ಈ ನಿಯಮಗಳು ಕಸಾಯಿಖಾನೆ ಎಂದು ಕರೆಯುವುದು ದಿನಕ್ಕೆ ಹತ್ತು ಅಥವಾ ಹೆಚ್ಚು ಪ್ರಾಣಿಗಳನ್ನು ಕೊಲ್ಲುವ, ಪರವಾನಗಿ ಪಡೆದ ಸ್ಥಳವನ್ನು. ಪಟ್ಟಣದ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿ ಅಂಥ ಸ್ಥಳದ ಹೊರಗೆ ವಧೆ ಕೂಡದೆಂದೂ ನಿಯಮ ಹೇಳುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ ಭಾನುವಾರಕ್ಕೆ ಎರಡು ಕುರಿ ಕೊಯ್ಯುವವನಿಗೆ ಅಂಥ ಸ್ಥಳ ಎಲ್ಲಿದೆ? ಸಂವಿಧಾನವೂ ಇಲ್ಲಿ ಹಳ್ಳಿಯನ್ನು ಮರೆತಿದೆ. 1992ರ ತಿದ್ದುಪಡಿಗಳಿಂದ ಸೇರಿದ ಎರಡು ಅನುಸೂಚಿಗಳನ್ನು ಹೋಲಿಸಿ ನೋಡಿದರೆ ಇದು ತಿಳಿಯುತ್ತದೆ. ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಪ್ರಾಣಿಹಿಂಸೆಯ ತಡೆಯೂ ಕಸಾಯಿಖಾನೆಗಳ ನಿಯಂತ್ರಣವೂ ಸೇರಿವೆ. ಪಂಚಾಯತಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪಶುಸಂಗೋಪನೆ ಇದೆ, ಸಂತೆ ಜಾತ್ರೆಗಳಿವೆ, ಇವೆರಡರ ಹೆಸರಿಲ್ಲ. ಹಳ್ಳಿಯಲ್ಲಿ ಪ್ರಾಣಿಯನ್ನು ಸಾಕುವುದೂ ಮಾರುವುದೂ ಉಂಟು, ಕೊಲ್ಲುವುದು ಮಾತ್ರ ಇಲ್ಲವೆಂದು ದೊಡ್ಡವರು ಭಾವಿಸಿದಂತಿದೆ.

ಎರಡನೆಯದು ದಂಡ. 1960ರಲ್ಲಿ ಗೊತ್ತುಮಾಡಿದಂತೆ ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷಗಳೊಳಗೆ ಮತ್ತೆ ಎಸಗಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ಅಂದು ಐವತ್ತು ರೂಪಾಯಿಗೆ ಬೆಲೆಯಿತ್ತು. ಇಂದು ಆ ಹಣಕ್ಕೆ ಒಬ್ಬರ ಊಟವೂ ಬರುವುದಿಲ್ಲ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದಂಡವನ್ನು ಏರಿಸುವ ತಿದ್ದುಪಡಿಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತ್ತು. ಕರಡಿಗೆ ಕಾಯಿದೆಯ ಬಲವಿಲ್ಲ.

ಮೂರನೆಯದು ಧರ್ಮದ ಹೆಸರಿನ ವಿನಾಯಿತಿ. ಯಾವುದೇ ಸಮುದಾಯದ ಧರ್ಮ ವಿಧಿಸಿದ ರೀತಿಯಲ್ಲಿ ಕೊಲ್ಲುವುದು ಅಪರಾಧವಾಗದೆಂದು 1960ರ ಕಾಯಿದೆಯ 28ನೆಯ ವಿಧಿ ಹೇಳುತ್ತದೆ. ಇದನ್ನು ಒಂದು ಮತದವರತ್ತ ಬೆರಳು ತೋರಿಸಲು ಬಳಸುವುದನ್ನು ನಾನು ಕೇಳಿದ್ದೇನೆ, ಅದು ನ್ಯಾಯವಲ್ಲ. ಕತ್ತಿ ಹರಿತವಾಗಿರಬೇಕು, ಅದನ್ನು ಪ್ರಾಣಿಯ ಎದುರಿನಲ್ಲಿ ಮಸೆಯಬಾರದು, ಒಂದರ ಮುಂದೆ ಒಂದನ್ನು ಕೊಯ್ಯಬಾರದು ಎಂಬುದು ಇಸ್ಲಾಮೀ ಸಂಪ್ರದಾಯದಲ್ಲಿಯೇ ಇರುವ ಉಪದೇಶ. ನ್ಯೂಜಿಲೆಂಡಿನಲ್ಲಿ ಮುಸ್ಲಿಮರಿಗಾಗಿ ಸಿದ್ಧಪಡಿಸುವ ಮಾಂಸಕ್ಕೂ ಪ್ರಾಣಿಯ ತಲೆಗೆ ಮೊದಲು ವಿದ್ಯುತ್ತಿನ ಆಘಾತ ಕೊಟ್ಟು ಪ್ರಜ್ಞೆ ತಪ್ಪಿಸುತ್ತಾರೆ. ಇತ್ತ ನಮ್ಮಲ್ಲಿ, ದೇವಾಲಯದ ಆವರಣದಲ್ಲಿ ಬಲಿ ಕೊಡುವುದನ್ನು 1959ರ ಪ್ರಾಣಿಬಲಿ ನಿಷೇಧ ಕಾಯಿದೆ ತಡೆಯಿತು. ಮಾರಿಹಬ್ಬದ ಕುರಿ ಗುಡಿಯ ಅಂಗಳವನ್ನು ಬಿಟ್ಟು ಹಿಂದಿನ ತೋಪಿಗೆ ಹೋಯಿತು; ಅದರ ನೋವು ಕಡಿಮೆಯಾಗಲಿಲ್ಲ. ಬಲಿಯ ಕುರಿಯನ್ನು ಕಂಡು ಶರಣರು ಏನು ನುಡಿದರೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವರ ದೃಷ್ಟಿ ಬಿದ್ದದ್ದು ಕೊಲ್ಲುವವನ ಕುಲದ ಮೇಲಲ್ಲ, ಸಾಯಲಿರುವ ಜೀವದ ಮೇಲೆ.

ಇನ್ನು ದನಗಳ ಮಾತು. ಇಲ್ಲಿ ಕಾನೂನಿನ ಕಥೆಯೇ ಬೇರೆ. 1964ರ ಕಾಯಿದೆ ಹಸುವಿನ ವಧೆಯನ್ನು ನಿಷೇಧಿಸಿ, 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2021ರ ಜನವರಿಯಿಂದ ಜಾರಿಗೆ ಬಂದ 2020ರ ಕಾಯಿದೆ ಎತ್ತು ಹೋರಿಗಳನ್ನೂ ವಯಸ್ಸಿನ ಮಿತಿಯಿಲ್ಲದೆ ನಿಷೇಧಕ್ಕೆ ಸೇರಿಸಿತು. 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗಿಟ್ಟಿತು. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ. ದಂಡ 50 ಸಾವಿರದಿಂದ 5 ಲಕ್ಷ ರೂಪಾಯಿ. ಗೋವಿನ ಮೇಲೆ ನಮ್ಮ ನಾಡಿನವರಿಗಿರುವ ಪೂಜ್ಯಭಾವವನ್ನು ನಾನೂ ಉಳ್ಳವನೇ. ಆದರೂ ಎರಡು ಕಾಯಿದೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಕಲಕುತ್ತದೆ. ಒಂದು ಮುದಿ ಎತ್ತನ್ನು ಕೊಂದವನಿಗೆ ಕಡಿಮೆಯೆಂದರೂ ಐವತ್ತು ಸಾವಿರ ದಂಡ, ಅಥವಾ ಮೂರು ವರ್ಷ ಸೆರೆ, ಇಲ್ಲವೇ ಎರಡೂ. ಅದೇ ಎತ್ತಿಗೆ ಹುಲ್ಲು ನೀರು ಕೊಡದೆ ಹಸಿವಿನಿಂದ ಸೊರಗಿಸಿದವನಿಗೆ, ಮೊದಲ ಸಲ, 1960ರ ಕಾಯಿದೆಯಡಿ ಹೆಚ್ಚೆಂದರೆ ಐವತ್ತು ರೂಪಾಯಿ. ಪ್ರಾಣ ತೆಗೆಯುವುದು ಮಾತ್ರ ಪಾಪ, ಪ್ರಾಣವನ್ನು ಹಿಂಡುವುದು ಪಾಪವಲ್ಲ ಎಂದು ಇದರಿಂದ ಅರ್ಥವಾಗುವುದಿಲ್ಲವೇ?

ನನ್ನ ತಂದೆಯವರು ಚುಂಚನಕಟ್ಟೆಯ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳನ್ನು ಕೊಂಡು ತಂದದ್ದು ನೆನಪಿದೆ. ಹದಿಮೂರು ವರ್ಷ ದುಡಿದವು. ಮುದಿಯಾದಾಗ ಒಂದು ಹಟ್ಟಿಯಲ್ಲಿಯೇ ಸತ್ತಿತು. ಇನ್ನೊಂದನ್ನು ಕಷ್ಟದ ವರ್ಷವೊಂದರಲ್ಲಿ ದಲ್ಲಾಳಿಗೆ ಕೊಟ್ಟರು. ಹಗ್ಗವನ್ನು ಅವನ ಕೈಗೆ ಕೊಡುವಾಗ ತಂದೆಯವರು ಎಲ್ಲಿಗೆ ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಂದು ಉಳುಮೆ ಟ್ರ್ಯಾಕ್ಟರಿನದು. ಹೊಗೆಸೊಪ್ಪು ಬೆಳೆಯುವ ನಮ್ಮ ಕಡೆ ಎತ್ತು ಕಟ್ಟುವ ಮನೆ ವಿರಳವಾಗುತ್ತಿದೆ. ಸಾಲದಲ್ಲಿರುವ ರೈತ ಗಂಡುಕರುವನ್ನೂ ಬತ್ತಿದ ಹಸುವನ್ನೂ ಎಷ್ಟು ಕಾಲ ಸಾಕಿಯಾನು? ನ್ಯಾಯವಾದ ದಾರಿ ಮುಚ್ಚಿದಾಗ ಪ್ರಾಣಿ ರಾತ್ರಿಯ ದಾರಿ ಹಿಡಿಯುತ್ತದೆ. 1978ರ ಸಾಗಣೆ ನಿಯಮಗಳ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ತುಂಬುವಂತಿಲ್ಲ, ಪಶುವೈದ್ಯರ ಪ್ರಮಾಣಪತ್ರ ಬೇಕು, ನೀರು ಮೇವು ಬೇಕು. ಕದ್ದು ಸಾಗಿಸುವವನು ಇದಾವುದನ್ನೂ ಪಾಲಿಸುವವನಲ್ಲ. ಮುಚ್ಚಿಟ್ಟಷ್ಟೂ ಕ್ರೌರ್ಯ ಹೆಚ್ಚುತ್ತದೆ. ನಿಷೇಧವನ್ನು ಸಾರಿದ ಸರ್ಕಾರ ಮುದಿ ಪ್ರಾಣಿಯ ಮೇವಿನ ಹೊಣೆಯನ್ನೂ ಹೊರಬೇಕು. 2022ರಲ್ಲಿ ಆರಂಭವಾದ ಪುಣ್ಯಕೋಟಿ ದತ್ತು ಯೋಜನೆ ಗೋಶಾಲೆಯ ದನಗಳನ್ನು ಸಾಕುವ ವೆಚ್ಚಕ್ಕೆ ಸಾರ್ವಜನಿಕರ ದಾನವನ್ನು ಕೋರಿತು. ದಾನ ಒಳ್ಳೆಯದೇ, ಆದರೆ ಕಾಯಿದೆಯಿಂದ ಹುಟ್ಟಿದ ಹೊಣೆಯನ್ನು ದಾನಿಗಳ ಮರ್ಜಿಗೆ ಬಿಡುವುದು ಸರಿಯಲ್ಲ.

ಇಷ್ಟಾದರೂ ದನಗಳಿಗೆ ಮಾತಾಡುವವರಿದ್ದಾರೆ. ಕೋಳಿಗೆ ಯಾರಿದ್ದಾರೆ? ಕಾಲುಗಳನ್ನು ಕಟ್ಟಿ, ಸೈಕಲ್ಲು ಮೋಟಾರು ಬೈಕುಗಳ ಎರಡೂ ಬದಿ ತಲೆಕೆಳಗಾಗಿ ತೂಗಿಬಿಟ್ಟು ಒಯ್ಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅನಗತ್ಯ ನೋವಾಗುವ ಭಂಗಿಯಲ್ಲಿ ಪ್ರಾಣಿಯನ್ನು ಒಯ್ಯುವುದು 1960ರ ಕಾಯಿದೆಯಂತೆ ಸ್ಪಷ್ಟವಾದ ಅಪರಾಧ. ಈ ಉಪೇಕ್ಷೆ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿ 1958ರಲ್ಲಿ ಬಂದ ದಯಾಪೂರ್ಣ ವಧೆಯ ಕಾಯಿದೆಯ ಜಾರಿಯಲ್ಲಿಯೂ ಕೋಳಿಗಳು ಹೊರಗೇ ಉಳಿದವು.

ಹೇಗೂ ಸಾಯುವ ಪ್ರಾಣಿಗೆ ಕೊನೆಯ ಗಳಿಗೆ ಹೇಗಿದ್ದರೇನು ಎಂಬ ಆಕ್ಷೇಪಣೆ ಬರಬಹುದು. ಶಾಸ್ತ್ರಜ್ಞರ ಪರೀಕ್ಷೆಗಳ ಪ್ರಕಾರ, ಕತ್ತಿನ ರಕ್ತನಾಳಗಳೆರಡೂ ಒಂದೇ ಬೀಸಿಗೆ ಕಡಿದರೆ ಕುರಿಯ ಪ್ರಜ್ಞೆ ಸಾಮಾನ್ಯವಾಗಿ ಇಪ್ಪತ್ತು ಸೆಕೆಂಡುಗಳೊಳಗೆ ಹೋಗುತ್ತದೆ; ದನಗಳಲ್ಲಿ ಮಿದುಳಿಗೆ ಬೇರೊಂದು ದಾರಿಯಿಂದಲೂ ರಕ್ತ ಹರಿಯುವುದರಿಂದ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು. ಮೊಂಡು ಕತ್ತಿಯಾದರೆ ಆ ಸಂಕಟ ಬೆಳೆಯುತ್ತದೆ. ಬೆದರಿ ದಣಿದ ಪ್ರಾಣಿಯ ಮಾಂಸ ಕಪ್ಪಾಗಿ ಬೇಗ ಕೆಡುತ್ತದೆಂಬುದೂ ಸಿದ್ಧವಾದ ಸಂಗತಿ. ಆದ್ದರಿಂದ ದಯೆ ತಿನ್ನುವವನ ಹಿತಕ್ಕೂ ಅನುಕೂಲವೇ. ಇನ್ನೊಂದು ಆಕ್ಷೇಪಣೆ ನಮ್ಮವರಿಂದಲೇ ಬರುವುದು: ಒಳ್ಳೆಯ ರೀತಿಯಲ್ಲಿ ಕೊಲ್ಲಿರೆಂದು ಹೇಳಿದರೆ ಕೊಲೆಗೆ ಒಪ್ಪಿಗೆ ಕೊಟ್ಟಂತಾಗಲಿಲ್ಲವೇ ಎಂದು. ಈ ಸಂದೇಹವನ್ನು ನಾನು ಗೌರವಿಸುತ್ತೇನೆ. ಆದರೆ ನಾವು ತಿನ್ನುವುದಿಲ್ಲವೆಂಬ ಕಾರಣಕ್ಕೆ ನಾಡಿನಲ್ಲಿ ವಧೆ ನಿಂತಿಲ್ಲ, ನಾಳೆಯೇ ನಿಲ್ಲುವಂತೆಯೂ ಇಲ್ಲ. ನಮ್ಮ ಮೌನದಿಂದ ನಮ್ಮ ಶುದ್ಧಿ ಉಳಿಯಬಹುದು. ಕುರಿಗೆ ಅದರಿಂದ ಏನೂ ದೊರೆಯದು.

ಆದುದರಿಂದ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಇವು. ಹೋಬಳಿಗೊಂದರಂತೆ, ಮರೆಯೂ ನೀರೂ ನೆರಳೂ ಇರುವ ಸಣ್ಣ ವಧಾಸ್ಥಾನವನ್ನು ಕಟ್ಟಿಸಿ, ಪಂಚಾಯತಿಗಳಿಗೆ ಅದರ ಅಧಿಕಾರವನ್ನೂ ಹಣವನ್ನೂ ಕೊಡಬೇಕು. ಕೊಯ್ಯುವ ವೃತ್ತಿಯವರನ್ನು ಅಪರಾಧಿಗಳಂತೆ ಕಾಣದೆ ಅವರಿಗೆ ತರಬೇತಿಯನ್ನೂ ಒಳ್ಳೆಯ ಸಲಕರಣೆಗಳನ್ನೂ ಒದಗಿಸಬೇಕು. 1960ರ ದಂಡವನ್ನು ಕಾಲಕ್ಕೆ ತಕ್ಕಂತೆ ಏರಿಸಬೇಕು. ಪ್ರತಿ ಜಿಲ್ಲೆಯಲ್ಲಿ ಪ್ರಾಣಿದಯಾ ಸಂಘ ಇರಬೇಕೆಂಬ 2001ರ ನಿಯಮ ತಾಲ್ಲೂಕಿನವರೆಗೂ ಇಳಿಯಬೇಕು. ಮಾರಲಾಗದ ಮುದಿ ಎತ್ತನ್ನು ಸಾಕುವ ರೈತನಿಗೆ ಮೇವಿನ ವೆಚ್ಚ ಸಿಗಬೇಕು.

ನಮ್ಮ ಕೈಯಲ್ಲಿಯೂ ಕೆಲಸವಿದೆ. ಈ ಶಾಲೆಯಲ್ಲಿ ಓದುವ ಮಕ್ಕಳೆಲ್ಲ ಒಂದೇ ಬಗೆಯ ಊಟದ ಮನೆಗಳಿಂದ ಬಂದವರಲ್ಲ ಎಂಬುದು ಶಿಕ್ಷಕರಿಗೆ ತಿಳಿದಿದೆ. ಮಾಂಸ ತಿನ್ನುವ ಮನೆಯ ಹುಡುಗನನ್ನು ನಾಚಿಸದೆ, ಪ್ರಾಣಿಗೂ ಭಯವುಂಟು ನೋವುಂಟು ಎಂಬುದನ್ನೂ ಅದಕ್ಕೊಂದು ಕಾನೂನುಂಟು ಎಂಬುದನ್ನೂ ಅವನಿಗೆ ತಿಳಿಸಿದರೆ, ಅವನೇ ಮನೆಗೆ ಹೋಗಿ ಕಟ್ಟಿದ ಕುರಿಯನ್ನು ಮರೆಗೆ ಒಯ್ಯಿರೆಂದು ಹೇಳುತ್ತಾನೆ. ವಕೀಲರೂ ಪಶುವೈದ್ಯರೂ ಆಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಊರವರಿಗೆ ಈ ನಿಯಮಗಳನ್ನು ವಿವರಿಸಬಹುದು. ದಾನಿಗಳು ಒಂದು ನೀರಿನ ತೊಟ್ಟಿ, ಒಂದು ಹುಲ್ಲಿನ ಬಣವೆಯನ್ನು ಸಂತೆಯ ಬಯಲಿನಲ್ಲಿ ಇರಿಸಿದರೂ ಸಾಕು, ಮಾರಾಟಕ್ಕೆ ಬಂದ ಪ್ರಾಣಿ ಬಾಯಾರಿ ನಿಲ್ಲುವುದು ತಪ್ಪುತ್ತದೆ.

ಮುಂದಿನ ಯುಗಾದಿಯ ಮರುದಿನ ಸಾಧ್ಯವಾದರೆ ಅದೇ ಪೇಟೆಗೆ ಹೋಗಬೇಕೆಂದಿದ್ದೇನೆ. ಅಂಗಡಿಯವನನ್ನು ಬಯ್ಯುವುದಕ್ಕಲ್ಲ, ಕುರಿಗಳಿಗೂ ಕತ್ತಿಗೂ ನಡುವೆ ಒಂದು ಗೋಣಿತಟ್ಟನ್ನು ಅಡ್ಡ ಕಟ್ಟಪ್ಪಾ ಎಂದು ಕೇಳುವುದಕ್ಕೆ. ತಟ್ಟನ್ನು ನಾನೇ ಒಯ್ಯುತ್ತೇನೆ.