ಮರಗೆಲಸದ ಮೇಜು

ನಮ್ಮ ಬಡಗಿಗಳು ನೆಲದಲ್ಲಿ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದೇ ಕೆಲಸ ಮಾಡಿದವರು. ಆ ಅಭ್ಯಾಸವಿಲ್ಲದ ಗೃಹಸ್ಥನಿಗಾದರೋ ಅಲುಗದ ಮೇಜು ಬೇಕು. ಅದಕ್ಕೆ ಹೊಸ ತೇಗವನ್ನು ಕೊಳ್ಳುವುದು ದುಂದೆಂದೇ ನಮ್ಮ ಮತ. ಮೂಡಲಪಾಳ್ಯದಲ್ಲಿ ಹಳೆಯ ಮನೆ ಕೆಡವಿದಾಗ ದೊರೆಯುವ ಬಾಗಿಲವಾಡವೇ ನಾಲ್ಕು ಕಾಲುಗಳಿಗೆ ಸಾಕು; ಗರಗಸವಿಡುವ ಮೊದಲು ಮೊಳೆಗಳನ್ನೆಲ್ಲ ಕೀಳತಕ್ಕದ್ದು. ಮೇಲ್ಭಾಗಕ್ಕೆ ಸರಕು ಹೇರುವ ಪ್ಯಾಲೆಟ್‌ಗಳ ಪೈನ್ ಹಲಗೆ ಅಗ್ಗ. ಆದರೆ 2002ರ ಅಂತರರಾಷ್ಟ್ರೀಯ ನಿಯಮದಂತೆ ಒತ್ತಿರುವ ಮುದ್ರೆಯನ್ನು ಓದಿ ಕೊಳ್ಳಿರಿ: ‘ಎಚ್.ಟಿ.’ ಎಂದರೆ ಕಾಯಿಸಿದ ಮರ, ‘ಎಂ.ಬಿ.’ ಎಂದರೆ ಮೀಥೈಲ್ ಬ್ರೋಮೈಡೆಂಬ ವಿಷಾನಿಲ ಹಾಯಿಸಿದುದು, ಮಕ್ಕಳಿರುವ ಮನೆಗೆ ಅದು ಬೇಡ. ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಪಕ್ಕಪಕ್ಕಕ್ಕೆ ಅಂಟಿಸಿದರೆ 3 ಅಂಗುಲದ ದಪ್ಪ ಬರುವುದು. ಎತ್ತರವು ನಿಂತಾಗ ಮಣಿಕಟ್ಟಿನಷ್ಟಿರಲಿ. ಕೀಸುಳಿ ತಳ್ಳುವಾಗ ಮೇಜು ಓಲಾಡಿತೋ, ದೋಷವು ಕಾಲುಗಳದು: ಓರೆಯಾಗಿ ಪಟ್ಟಿಯೊಂದನ್ನು ಬಿಗಿದು, ಕೆಳಗಿನ ಅಡ್ಡಪಟ್ಟಿಗಳ ಮೇಲೆ ಚಪ್ಪಡಿಕಲ್ಲಿನ ತುಂಡೊಂದನ್ನು ಹೇರಿಬಿಡಿರಿ.