ಉಸಿರು ಮರಳಿದ ಮೇಲೆ: ಎಬ್ಬಿಸುವುದೋ, ಮಲಗಿಸುವುದೋ?

ಕೆನಡಾದ ಟೊರಾಂಟೊದಲ್ಲಿ ಮಾರ್ಗರೆಟ್ ಹೆರಿಜ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ತೀವ್ರ ಉಸಿರಾಟ ವೈಫಲ್ಯದಿಂದ ಬದುಕುಳಿದ 109 ಮಂದಿಯನ್ನು ವರ್ಷವಿಡೀ ಗಮನಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಕೆಟ್ಟಿದ್ದು ಶ್ವಾಸಕೋಶ, ಹಾಗಾಗಿ ಮುಂದೆ ಕಾಡುವುದೂ ಶ್ವಾಸಕೋಶವೇ ಎಂದು ಯಾರಾದರೂ ಎಣಿಸುತ್ತಾರೆ. ಹಾಗಾಗಲಿಲ್ಲ. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರ ಶ್ವಾಸಕೋಶ ಬಹುಮಟ್ಟಿಗೆ ಸರಿಹೋಗಿತ್ತು. ಸರಿಹೋಗದೆ ಉಳಿದದ್ದು ಕೈಕಾಲು. ಐಸಿಯುನಿಂದ ಹೊರಬರುವಾಗ ಅವರ ತೂಕ ಶೇ 18ರಷ್ಟು ಇಳಿದಿತ್ತು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆದರೆ, ವರ್ಷದ ನಂತರವೂ ಗುಂಪಿನ ನಡುವಣ ಲೆಕ್ಕ 422 ಮೀಟರ್. ನಿರೀಕ್ಷಿಸಬೇಕಾದ ದೂರದ ಮೂರರಲ್ಲಿ ಎರಡು ಪಾಲು ಅದು. ಕೆಲಸಕ್ಕೆ ಮರಳಿದವರು ಅರ್ಧದಷ್ಟು ಜನ. ಇವರು ಮುದುಕರೇನಲ್ಲ, ನಲವತ್ತೈದರ ಆಸುಪಾಸಿನವರು. ಅದೇ ಗುಂಪನ್ನು ಐದು ವರ್ಷ ಗಮನಿಸಿ 2011ರಲ್ಲಿ ತಂದ ಮುಂದಿನ ವರದಿಯಲ್ಲೂ ಆ 422, 436 ಆಗಿತ್ತು, ಅಷ್ಟೇ.

ಜೀವ ಉಳಿಸುವ ವಿದ್ಯೆ ಮುಂದೆ ಸಾಗಿದೆ, ಉಳಿದ ಜೀವಕ್ಕೆ ಬದುಕು ಕೊಡುವ ವಿದ್ಯೆ ಹಿಂದುಳಿದಿದೆ ಎಂಬುದು ಆಗಿನಿಂದ ಈ ಕ್ಷೇತ್ರದವರ ಕೊರಗು. ಅಲ್ಲಿಂದ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ. ರೋಗಿ ವೆಂಟಿಲೇಟರಿನ ಮೇಲೆ ಇರುವಾಗಲೇ ಮಂಪರು ಇಳಿಸಿ, ಎಚ್ಚರಿಸಿ, ಕೂರಿಸಿ, ಸಾಧ್ಯವಾದರೆ ನಿಲ್ಲಿಸಿ ನಡೆಸಬೇಕು ಎನ್ನುತ್ತದೆ ಒಂದು ಪಕ್ಷ. ಸಾವಿನೊಂದಿಗೆ ಹೋರಾಡುತ್ತಿರುವ ದೇಹದ ಮೇಲೆ ಹೊಸ ಹೊರೆ ಹೇರಬೇಡಿ, ಅದು ತಾನಾಗಿ ಸ್ಥಿಮಿತಕ್ಕೆ ಬರಲಿ ಎನ್ನುತ್ತದೆ ಇನ್ನೊಂದು. ನಮ್ಮ ಆಸ್ಪತ್ರೆಗಳ ಹೊರಗೆ ಚಾಪೆ ಹಾಸಿಕೊಂಡು ಕಾಯುವ ಮನೆಯವರು ಸಾಮಾನ್ಯವಾಗಿ ಎರಡನೆಯ ಪಕ್ಷದವರು. "ಪಾಪ, ಈಗಷ್ಟೇ ಸಾವಿನ ಬಾಯಿಂದ ಬಂದಿದಾನೆ, ಈಗ್ಲೇ ಎಬ್ಬಿಸ್ಬೇಡಿ ಮೇಡಂ" ಎಂದು ಅವರು ಫಿಸಿಯೋಥೆರಪಿಸ್ಟರ ಮುಂದೆ ಕೈಮುಗಿಯುತ್ತಾರೆ. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅದರ ಹಿಂದೆ ಇರುವ ಅಳುಕಿಗೆ ವೈದ್ಯಕೀಯ ಆಧಾರವೂ ಇದೆ.

ಸ್ನಾಯು ಹೇಗೆ ಕರಗುತ್ತದೆ ಎಂಬುದನ್ನು ಮೊದಲು ನೋಡಬೇಕು. 2013ರಲ್ಲಿ ಲಂಡನ್ನಿನ ಸಂಶೋಧಕರು ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತ ಹೋದರು. ಹತ್ತೇ ದಿನದಲ್ಲಿ ಅದರ ಅಡ್ಡಳತೆಯ ವಿಸ್ತೀರ್ಣ ಸುಮಾರು ಶೇ 18ರಷ್ಟು ಕುಗ್ಗಿತ್ತು. ಇದು ಬರೀ ಮಲಗಿದ್ದರಿಂದ ಆಗುವ ನಷ್ಟವಲ್ಲ. ಸೋಂಕು ಮೈಯೆಲ್ಲ ಹರಡಿ ಎದ್ದ ಉರಿಯೂತ, ಏರುಪೇರಾದ ಸಕ್ಕರೆ, ಸ್ಟೀರಾಯ್ಡು, ಅರೆಹೊಟ್ಟೆ ಎಲ್ಲವೂ ಸೇರಿ ಸ್ನಾಯುವನ್ನು ಒಳಗಿನಿಂದ ತಿನ್ನುತ್ತವೆ, ನರದ ತುದಿಗಳನ್ನೂ ಕೆಡಿಸುತ್ತವೆ. ಇಡೀ ವಾದದ ಬೇರು ಇಲ್ಲಿದೆ. ಮಲಗಿದ್ದೇ ಮುಖ್ಯ ಕಾರಣವಾದರೆ ಎಬ್ಬಿಸುವುದೇ ಮದ್ದು. ಉರಿಯೂತ ಮುಖ್ಯವಾದರೆ, ಅದು ಇಳಿಯುವ ಮುನ್ನ ಮಾಡಿಸಿದ ವ್ಯಾಯಾಮ ಬೆವರು ಸುರಿಸೀತು, ಬಲ ಕೊಡಲಾರದು. ಎರಡೂ ನಿಜ. ಯಾವುದರ ಪಾಲು ಎಷ್ಟು ಎಂಬುದು ರೋಗಿಯಿಂದ ರೋಗಿಗೆ ಬದಲಾಗುತ್ತದೆ.

ಎಬ್ಬಿಸಬೇಕೆನ್ನುವವರ ಮಾತು ಇತಿಹಾಸದಿಂದ ಶುರುವಾಗುತ್ತದೆ. 1952ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಬಡಿದಾಗ ಉಸಿರು ಕಟ್ಟಿದವರಿಗೆ ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರ ಸಲಹೆಯಂತೆ ಕತ್ತಿನಲ್ಲಿ ರಂಧ್ರ ಮಾಡಿ, ಕೊಳವೆ ತೂರಿಸಿ, ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಎಷ್ಟೋ ರೋಗಿಗಳು ಎಚ್ಚರವಾಗಿಯೇ ಇದ್ದರು, ಕಣ್ಣಲ್ಲಿ ಕಣ್ಣಿಟ್ಟು ವಿದ್ಯಾರ್ಥಿಗಳನ್ನು ನೋಡುತ್ತಿದ್ದರು. ಇಂದಿನ ಐಸಿಯು ಹುಟ್ಟಿದ್ದು ಅಲ್ಲಿಂದ. ಆಮೇಲಿನ ದಶಕಗಳಲ್ಲಿ ಯಂತ್ರದೊಂದಿಗೆ ರೋಗಿ ಜಗಳವಾಡದಿರಲಿ ಎಂದು ಗಾಢ ಮಂಪರು ರೂಢಿಗೆ ಬಂತು. ಅದಕ್ಕೆ ತಡೆ ಒಡ್ಡಿದವರು ಷಿಕಾಗೋದ ಜಾನ್ ಕ್ರೆಸ್ ಮತ್ತು ಸಂಗಡಿಗರು. ದಿನಕ್ಕೊಮ್ಮೆ ಮಂಪರು ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದರೆ ವೆಂಟಿಲೇಟರಿನ ಅವಧಿ 7.3 ದಿನದಿಂದ 4.9ಕ್ಕೆ ಇಳಿಯಿತು ಎಂದು 2000ದಲ್ಲಿ ಅವರು ತೋರಿಸಿದರು. ಎಚ್ಚರವಾದ ರೋಗಿಯನ್ನು ಸುಮ್ಮನೆ ಮಲಗಿಸುವುದೇಕೆ ಎಂಬುದು ಮುಂದಿನ ಸಹಜ ಪ್ರಶ್ನೆ. ವಿಲಿಯಂ ಶ್ವೈಕರ್ಟ್, ಕ್ರೆಸ್ ಮತ್ತಿತರರು 104 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2009ರಲ್ಲಿ ಹೊರಬಂತು. ಕೊಳವೆ ಹಾಕಿದ ಒಂದೂವರೆ ದಿನದಲ್ಲೇ ವ್ಯಾಯಾಮ ಶುರುವಾದ ಗುಂಪಿನಲ್ಲಿ, ಮನೆಗೆ ಹೋಗುವ ಹೊತ್ತಿಗೆ ಸ್ನಾನ, ಬಟ್ಟೆ, ಊಟ, ಶೌಚ, ನಡಿಗೆಗಳನ್ನು ತಾವೇ ಮಾಡಿಕೊಳ್ಳಬಲ್ಲವರು ಶೇ 59. ಇನ್ನೊಂದು ಗುಂಪಿನಲ್ಲಿ ಶೇ 35. ಬುದ್ಧಿಭ್ರಮೆಯ ದಿನಗಳೂ ಅರ್ಧಕ್ಕೆ ಇಳಿದಿದ್ದವು. 2023ರಲ್ಲಿ ಷಿಕಾಗೋದಿಂದಲೇ ಬಂದ ಇನ್ನೊಂದು ಅಧ್ಯಯನ ಹೇಳಿದ್ದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಬೇಗ ಎಬ್ಬಿಸಿದವರಲ್ಲಿ ವರ್ಷದ ನಂತರ ನೆನಪು, ಗಮನ, ಯೋಚನೆಗಳಲ್ಲಿ ಕೊರತೆ ಕಂಡದ್ದು ಶೇ 24 ಮಂದಿಗೆ. ತಡವಾಗಿ ಎಬ್ಬಿಸಿದವರಲ್ಲಿ ಶೇ 43. ಲೆಕ್ಕ ತಪ್ಪುವ, ಹೆಸರು ಮರೆಯುವ, ಗಾಡಿ ಓಡಿಸಲು ಹೆದರುವ ಮನುಷ್ಯನಿಗೆ ಕಾಲಿನ ಬಲವೊಂದಿದ್ದರೆ ಸಾಲದು.

ಇಷ್ಟು ಕೇಳಿದರೆ ತೀರ್ಪು ಆಗಿಹೋಯಿತು ಎನಿಸುತ್ತದೆ. ಆದರೆ ಒಬ್ಬ ರೋಗಿಯನ್ನು ಎಬ್ಬಿಸುವುದೆಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಿದರೆ ಮತ್ತೊಂದು ಪಕ್ಷದ ಕಷ್ಟ ತಿಳಿಯುತ್ತದೆ. ಬಾಯಲ್ಲಿ ಉಸಿರಿನ ಕೊಳವೆ, ಮೂಗಿನಲ್ಲಿ ಆಹಾರದ ಕೊಳವೆ, ಕತ್ತಿನ ದೊಡ್ಡ ರಕ್ತನಾಳದಲ್ಲಿ ಒಂದು ಲೈನು, ಮಣಿಕಟ್ಟಿನಲ್ಲಿ ಇನ್ನೊಂದು, ಕೆಳಗೆ ಮೂತ್ರದ ಚೀಲ. ಕೂರಿಸುವ ಮುಂಚೆ ಇವನ್ನೆಲ್ಲ ಒಂದೇ ಬದಿಗೆ ತರಬೇಕು. ಸ್ಟಾಫ್ ನರ್ಸ್ ಒಬ್ಬರು ಬಾಯಿಯ ಕೊಳವೆಯನ್ನೇ ಹಿಡಿದು ನಿಲ್ಲಬೇಕು, ಬೇರೇನನ್ನೂ ಮುಟ್ಟುವಂತಿಲ್ಲ. ಫಿಸಿಯೋಥೆರಪಿಸ್ಟ್ ಹೆಗಲ ಹಿಂದೆ ಕೈ ಕೊಟ್ಟು ಎತ್ತುತ್ತಾರೆ, ಅಟೆಂಡರ್ ಎರಡೂ ಕಾಲನ್ನು ಮಂಚದ ಅಂಚಿಗೆ ತಂದು ಸ್ಟೂಲಿನ ಮೇಲೆ ಇರಿಸುತ್ತಾರೆ. ಮೊದಲ ಸಲ ಕುಳಿತ ರೋಗಿಗೆ ತನ್ನ ತಲೆಯೇ ಭಾರ. ಗದ್ದ ಎದೆಗೆ ಬೀಳುತ್ತದೆ, ಮಾನಿಟರಿನಲ್ಲಿ ಬಿಪಿ ಇಳಿಯುತ್ತದೆ, ಸ್ಯಾಚುರೇಶನ್ 94ರಿಂದ 87ಕ್ಕೆ ಜಾರುತ್ತದೆ, ಅಲಾರಾಂ ಹೊಡೆದುಕೊಳ್ಳುತ್ತದೆ. ತಡೆಯಬೇಕೋ, ಮಲಗಿಸಬೇಕೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಕೊಳವೆ ಜಾರಿದರೆ ಅದನ್ನು ಮತ್ತೆ ಹಾಕಬಲ್ಲ ಡಾಕ್ಟರು ಕೂಗಳತೆಯಲ್ಲಿ ಇರಬೇಕು.

ಈ ಅಪಾಯ ಊಹೆಯದಲ್ಲ. ಆಸ್ಟ್ರೇಲಿಯಾದ ಕ್ಯಾರಲ್ ಹಾಜ್‌ಸನ್ ಮುಂದಾಳುತನದಲ್ಲಿ ಆರು ದೇಶಗಳ 49 ಆಸ್ಪತ್ರೆಗಳು ಸೇರಿ 750 ರೋಗಿಗಳ ಮೇಲೆ ನಡೆಸಿದ ಟೀಮ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಹೆಚ್ಚು ವ್ಯಾಯಾಮ ಮಾಡಿಸಿದ ಗುಂಪು 180 ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಬದುಕಿದ್ದ ದಿನಗಳು ನಡುವಣ ಲೆಕ್ಕದಲ್ಲಿ 143. ಎಂದಿನ ಆರೈಕೆಯ ಗುಂಪಿನದು 145. ಲಾಭವಿಲ್ಲ. ಬದಲಿಗೆ ಎದೆಬಡಿತದ ಏರುಪೇರು, ಬಿಪಿ ಕುಸಿತ, ಆಮ್ಲಜನಕದ ಇಳಿಕೆಯಂಥ ತೊಂದರೆಗಳು ಶೇ 9.2 ರೋಗಿಗಳಲ್ಲಿ ಕಂಡವು, ಎಂದಿನ ಗುಂಪಿನಲ್ಲಿ ಶೇ 4.1. 2016ರಲ್ಲಿ ಅಮೆರಿಕದಲ್ಲಿ 300 ರೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ಆಸ್ಪತ್ರೆವಾಸ ಕಡಿಮೆಯಾಗಿರಲಿಲ್ಲ. ಮನೆಯವರ ಅಳುಕಿಗೆ ಆಧಾರವಿದೆ ಎಂದದ್ದು ಇದಕ್ಕೆ.

ಎರಡು ಒಳ್ಳೆಯ ಪ್ರಯೋಗಗಳು ಎರಡು ದಾರಿ ತೋರಿಸುವಾಗ ನಾನು ಹುಡುಕುವುದು, ಹೋಲಿಸಿದ್ದು ಯಾವುದರೊಂದಿಗೆ ಎಂಬುದನ್ನು. 2009ರ ಅಧ್ಯಯನದಲ್ಲಿ ಎಂದಿನ ಆರೈಕೆಯ ರೋಗಿಗೆ ಫಿಸಿಯೋಥೆರಪಿ ಸಿಕ್ಕಿದ್ದು ಏಳು ದಿನ ಕಳೆದ ಮೇಲೆ. 2022ರ ಪ್ರಯೋಗದಲ್ಲಿ ಎಂದಿನ ಆರೈಕೆಯವರಿಗೂ ದಿನಕ್ಕೆ ಒಂಬತ್ತು ನಿಮಿಷದಷ್ಟು ಚಲನೆ ಸಿಗುತ್ತಿತ್ತು, ಹೆಚ್ಚಿನ ಗುಂಪಿಗೆ ಸುಮಾರು ಇಪ್ಪತ್ತೊಂದು. ಅಂದರೆ ಮೊದಲನೆಯದು ಕೇಳಿದ್ದು ಏನೂ ಇಲ್ಲದ ವಾರದ ಎದುರು ಬೇಗನೆಯ ಆರಂಭ ಹೇಗೆ ಎಂದು. ಎರಡನೆಯದು ಕೇಳಿದ್ದು, ಸ್ವಲ್ಪ ಇರುವ ಕಡೆ ಇನ್ನಷ್ಟು ಬೇಕೇ ಎಂದು. ಆಸ್ಟ್ರೇಲಿಯಾದ ಎಂದಿನ ಆರೈಕೆ ನಮ್ಮ ಎಷ್ಟೋ ಐಸಿಯುಗಳ ಉತ್ತಮ ಆರೈಕೆಗಿಂತ ಮುಂದಿದೆ. ಮಂಪರು ಇಳಿದ ರೋಗಿ ಕೊಳವೆ ಕಿತ್ತುಕೊಂಡಾನೆಂದು ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟುವ ರೂಢಿ ಇರುವಲ್ಲಿ, ಆ ಪ್ರಯೋಗವನ್ನು ತೋರಿಸಿ "ನೋಡಿ, ಪ್ರಯೋಜನವಿಲ್ಲ" ಎಂದು ಸುಮ್ಮನಾಗುವುದು ತಪ್ಪು. ಹಾಗೆಯೇ, ಬಿಪಿಗೆ ಔಷಧ ಏರಿಸುತ್ತಿರುವ ರೋಗಿಯನ್ನು ಎರಡನೇ ದಿನವೇ ನಿಲ್ಲಿಸಿಬಿಡೋಣ ಎನ್ನುವ ಹುಮ್ಮಸ್ಸೂ ತಪ್ಪು. ನನ್ನ ತೂಕದಲ್ಲಿ ಮಂಪರು ಕಡಿಮೆ ಮಾಡುವುದು ಖಚಿತವಾಗಿ ಆಗಬೇಕಾದ ಕೆಲಸ, ಮಂಚದ ಅಂಚಿನಲ್ಲಿ ಕೂರಿಸುವುದು ಹೆಚ್ಚಿನವರಿಗೆ ಸರಿ, ಅದರಾಚೆಯದು ಆಯಾ ದಿನದ ರೋಗಿಯನ್ನು ನೋಡಿ.

ಇಲ್ಲಿ ಹಣದ ಮಾತು, ಕೈಗಳ ಮಾತು ಬರುತ್ತದೆ. ನಮ್ಮ ಜಿಲ್ಲಾ ಮಟ್ಟದ ಐಸಿಯುಗಳಿಗೆ ಬರುವವರು ನ್ಯುಮೋನಿಯಾದವರಷ್ಟೇ ಅಲ್ಲ. ಕೀಟನಾಶಕ ಸೇವಿಸಿದ ಯುವ ರೈತ, ನಾಗರಹಾವು ಕಚ್ಚಿದ ಕೂಲಿಯಾಳು, ಗಿಲ್ಲನ್ ಬಾರಿ ಕಾಯಿಲೆಯ ವಿದ್ಯಾರ್ಥಿ ಇವರೆಲ್ಲರೂ ಉಸಿರಿನ ಸ್ನಾಯು ಸೋತು ವೆಂಟಿಲೇಟರಿಗೆ ಬರುತ್ತಾರೆ. ಫಿಸಿಯೋಥೆರಪಿಸ್ಟ್ ಮೂಳೆ ಮುರಿದವರನ್ನೂ ಪಾರ್ಶ್ವವಾಯುವಿನವರನ್ನೂ ನೋಡಿ ಮುಗಿಸಿ ಇಲ್ಲಿಗೆ ಬರಬೇಕು. ಒಬ್ಬರನ್ನು ಕೂರಿಸಲು ಮೂವರು ನಿಂತರೆ ಪಕ್ಕದ ಹಾಸಿಗೆಯ ರೋಗಿಯ ಕಫ ತೆಗೆಯುವವರು ಯಾರು ಎಂದು ರಾತ್ರಿ ಪಾಳಿಯ ನರ್ಸ್ ಕೇಳಿದರೆ, ಆಕೆಯದು ಸೋಮಾರಿತನವಲ್ಲ. ಆ ಪ್ರಶ್ನೆಗೆ ಷಿಕಾಗೋದ ಅಧ್ಯಯನದಲ್ಲಿ ಉತ್ತರವಿಲ್ಲ.

ಮನೆಯವರನ್ನೇ ಕಲಿಸಿ ಬಳಸಿಕೊಳ್ಳಬಹುದಲ್ಲ ಎಂಬ ಸಲಹೆ ಆಗಾಗ ಬರುತ್ತದೆ. ಕೈಬೆರಳು ಮಡಿಸಿ ಬಿಡಿಸುವುದು, ಪಾದ ಬಗ್ಗಿಸುವುದು, ಇವತ್ತು ಯಾವ ವಾರ, ಎಲ್ಲಿದ್ದೀಯ ಎಂದು ಹೇಳುತ್ತಿರುವುದು, ಕನ್ನಡಕ ಹಾಕುವುದು ಇವು ಮನೆಯವರಿಂದ ಚೆನ್ನಾಗಿಯೇ ಆಗುವ ಕೆಲಸಗಳು. ಪರಿಚಿತ ದನಿ ಕೇಳಿದರೆ ಭ್ರಮೆಯಲ್ಲಿದ್ದವರು ತುಸು ನೆಲೆಗೆ ಬರುವುದೂ ಇದೆ. ಆದರೆ ದಿನಗೂಲಿ ಬಿಟ್ಟು ನಿಲ್ಲುವವರು ಯಾರು? ಹೆಚ್ಚಾಗಿ ಹೆಂಡತಿ, ಇಲ್ಲವೇ ಮಗಳು. ಆಸ್ಪತ್ರೆ ಸಂಬಳ ಕೊಟ್ಟು ಮಾಡಿಸಬೇಕಾದ ದುಡಿಮೆ ಸದ್ದಿಲ್ಲದೆ ಅವರ ಹೆಗಲಿಗೆ ದಾಟಿಬಿಡುತ್ತದೆ. ಆದ್ದರಿಂದ ಈ ಸಲಹೆಯನ್ನು ನಾನು ಅರ್ಧ ಮನಸ್ಸಿನಿಂದ ಒಪ್ಪುತ್ತೇನೆ.

ಡಿಸ್ಚಾರ್ಜ್ ಆದ ಮೇಲಿನದು ಇನ್ನೊಂದು ಅಧ್ಯಾಯ. ಅಲ್ಲೂ ಫಲಿತಾಂಶಗಳು ಎಳೆದಾಡುತ್ತವೆ. ಸ್ಕಾಟ್ಲೆಂಡಿನಲ್ಲಿ 240 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಹೆಚ್ಚುವರಿ ವ್ಯಾಯಾಮ, ಆಹಾರ ಸಲಹೆ, ಮಾಹಿತಿ ಎಲ್ಲ ಕೊಟ್ಟರು. 2015ರ ಆ ವರದಿಯಂತೆ ನಡೆದಾಡುವ ಶಕ್ತಿಯಲ್ಲಿ ವ್ಯತ್ಯಾಸ ಬರಲಿಲ್ಲ, ರೋಗಿಗಳ ಸಮಾಧಾನ ಮಾತ್ರ ಹೆಚ್ಚಿತು. ಇನ್ನೊಂದೆಡೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿ ತಿಂಗಳುಗಳಾದರೂ ಸುಧಾರಿಸದ 585 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎಂಟು ವಾರ ಆನ್‌ಲೈನಿನಲ್ಲಿ ಗುಂಪಾಗಿ ವ್ಯಾಯಾಮ ಮಾಡಿಸಿ, ಮನಸ್ಸಿಗೂ ಆಸರೆ ಕೊಟ್ಟಾಗ ಬದುಕಿನ ಗುಣಮಟ್ಟ ಸ್ವಲ್ಪವಾದರೂ ಮೇಲೇರಿತು ಎಂದು 2024ರಲ್ಲಿ ವರದಿಯಾಯಿತು. ಇವರಲ್ಲಿ ಎಲ್ಲರೂ ವೆಂಟಿಲೇಟರ್ ಕಂಡವರಲ್ಲ ಎಂಬುದನ್ನು ಮರೆಯಬಾರದು. ಸಮಾಧಾನ ಹೆಚ್ಚಿತು ಎಂಬುದನ್ನು ಸೋಲೆಂದು ಬರೆದುಬಿಡಲು ನನಗೆ ಮನಸ್ಸಾಗುವುದಿಲ್ಲ. ಮುಂದೇನಾಗುತ್ತದೆ ಎಂದು ಯಾರೂ ಹೇಳದೆ ಮನೆಗೆ ಕಳಿಸಿದವನಿಗೂ, ತಿಂಗಳುಗಟ್ಟಲೆ ಕಾಲು ನಡುಗುವುದು, ಕೂದಲು ಉದುರುವುದು, ಕೆಟ್ಟ ಕನಸು ಬೀಳುವುದು ಸಹಜ ಎಂದು ತಿಳಿಸಿ ಕಳಿಸಿದವನಿಗೂ ಆ ತಿಂಗಳುಗಳು ಒಂದೇ ಅಲ್ಲ. ಆದರೆ ಸರ್ಕಾರದ ಖಜಾನೆಯಿಂದ ದುಡ್ಡು ಕೇಳುವಾಗ ಬರೀ ಸಮಾಧಾನ ಸಾಕೇ ಎಂದು ಲೆಕ್ಕ ನೋಡುವವರು ಕೇಳಿದರೆ ಅದೂ ನ್ಯಾಯವೇ.

ಅಳೆಯುವ ಕೋಲಿನ ಬಗ್ಗೆಯೂ ನನ್ನ ತಕರಾರಿದೆ. ಮೂವತ್ತು ಮೀಟರ್ ಉದ್ದದ ಕಾರಿಡಾರಿನಲ್ಲಿ ಆರು ನಿಮಿಷ ನಡೆಸುವ ಪರೀಕ್ಷೆ ಟೊರಾಂಟೊದವರಿಗೆ ಹೊಂದುತ್ತದೆ. ನಮ್ಮ ಹಳ್ಳಿಮನೆಯ ರೋಗಿ ನೆಲದ ಮೇಲೆ ಕುಳಿತು ಉಂಡು ಏಳಬೇಕು, ಇಂಡಿಯನ್ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು, ಸರ್ಕಾರಿ ಬಸ್ಸಿನ ಎತ್ತರದ ಮೊದಲ ಮೆಟ್ಟಿಲು ಹತ್ತಬೇಕು. ಇವೆಲ್ಲಕ್ಕೂ ಬೇಕಾದದ್ದು ಆ ಕುಗ್ಗಿದ ತೊಡೆಯ ಸ್ನಾಯು. ನಾನೂರು ಮೀಟರ್ ನಡೆಯುವವನೂ ಕುಕ್ಕರುಗಾಲಿನಿಂದ ಏಳಲಾರದೆ ಬಾಗಿಲು ಹಿಡಿದು ಮಗನನ್ನು ಕೂಗುವುದುಂಟು. ಲಾಭವಿಲ್ಲ ಎಂದ ಪ್ರಯೋಗಗಳು ಇದನ್ನು ಅಳೆಯಲಿಲ್ಲ, ಲಾಭವಿದೆ ಎಂದವೂ ಅಳೆಯಲಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ಅದು ದೊಡ್ಡ ಮಾತು. ಆದರೆ ಯೋಜನೆ ಕಟ್ಟಿರುವುದು ಆಸ್ಪತ್ರೆಯೊಳಗಿನ ಚಿಕಿತ್ಸೆಯ ಸುತ್ತ. ಮನೆಗೆ ಬಂದ ಮೇಲಿನ ಮೂರು ತಿಂಗಳ ಆಟೋ ಬಾಡಿಗೆ, ಮೊಟ್ಟೆ ಹಾಲು, ಫಿಸಿಯೋಥೆರಪಿಗೆ ಕೈಯಿಂದಲೇ ಹಾಕಬೇಕು. ಇದ್ದ ಹಣವನ್ನು ಇನ್ನೊಂದು ವೆಂಟಿಲೇಟರಿಗೆ ಹಾಕಬೇಕೋ, ಇಬ್ಬರು ಫಿಸಿಯೋಥೆರಪಿಸ್ಟರ ಸಂಬಳಕ್ಕೋ ಎಂದು ಕೇಳಿದರೆ ನಾನು ಸಂಬಳದ ಕಡೆ ನಿಲ್ಲುತ್ತೇನೆ, ವೆಂಟಿಲೇಟರ್ ಈಗಾಗಲೇ ಇರುವ ಊರಿನಲ್ಲಿ ಮಾತ್ರ. ಅದು ಇಲ್ಲದ ತಾಲ್ಲೂಕಿನ ಡಾಕ್ಟರು ಆಂಬುಲೆನ್ಸಿನಲ್ಲಿ ಚೀಲ ಒತ್ತುತ್ತ ರೋಗಿಯನ್ನು ಎಂಬತ್ತು ಕಿಲೋಮೀಟರ್ ಕಳಿಸಬೇಕಾದಾಗ ಬೇರೆ ಉತ್ತರ ಕೊಡುತ್ತಾರೆ, ಕೊಡಬೇಕು ಕೂಡ. ಇಬ್ಬರೂ ಒಪ್ಪಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ, ರೋಗಿ ನೆಲದಿಂದ ತಾನೇ ಏಳಬಲ್ಲನೇ, ಎಷ್ಟು ಮೆಟ್ಟಿಲು ಹತ್ತಿದ, ನೀರು ನುಂಗುವಾಗ ಕೆಮ್ಮು ಬರುತ್ತದೆಯೇ, ನೆನಪು ಹೇಗಿದೆ, ಮತ್ತೆ ಯಾವಾಗ ಯಾರನ್ನು ಕಾಣಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ಜೊತೆಗೆ ಬಂದವರಿಗೆ ಓದಿ ಹೇಳಿ ಕಳಿಸುವುದು.