ಕುತ್ತಿಗೆಯಲ್ಲಿರುವುದು ಇಯರ್‌ಫೋನ್ ಅಲ್ಲ

ನನ್ನ ಕುತ್ತಿಗೆಯಲ್ಲಿ ವೈರಿಗೆ ಸಿಕ್ಕಿಸಿದ ಒಂದು ಕಪ್ಪು ಡಬ್ಬಿ ನೇತಾಡುವುದನ್ನು ನಮ್ಮ ಕ್ಲಾಸಿನವರೆಲ್ಲ ನೋಡಿದ್ದೀರಿ. ಈ ವರ್ಷ ಗೇಟಿನಲ್ಲಿ ಅದನ್ನು ಎರಡು ಸಲ ತೆಗೆಸಿ ಇಟ್ಟುಕೊಂಡರು. "ಹಾಡು ಕೇಳೋಕೆ ಕಾಲೇಜಿಗೆ ಬರ್ತೀಯೇನಮ್ಮ?" ಎಂದ ಅಂಕಲ್ ಮೇಲೆ ನನಗೆ ಸಿಟ್ಟಿಲ್ಲ. ನೋಡಲು ಅದು ಇಯರ್‌ಫೋನಿನ ಹಾಗೇ ಇದೆ. ಆದರೆ ಮೊಬೈಲ್, ಇಯರ್‌ಫೋನ್ ನಿಷೇಧದ ಪಟ್ಟಿಗೆ ಅದನ್ನೂ ಸೇರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೇ ಕ್ಲಾಸಿನಿಂದ ಎರಡೂ ಕಿವಿಗೆ ಶ್ರವಣ ಸಾಧನ ಹಾಕುತ್ತಿದ್ದೇನೆ. ಮನೆಯಲ್ಲಿ ಅದರ ಹೆಸರು 'ಮಷೀನ್'. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಹಾಕಿಸಿದ್ದು. (ಕೋಟೆ ನೋಡಲು ಹೋದಾಗಲೆಲ್ಲ ಭಾಯಿ ರೇಗಿಸುತ್ತಾನೆ: ಆ ದಿನ ನೀರಿಗೆ ಹೋದವಳು ಓಬವ್ವನಲ್ಲ, ನೀನಾಗಿದ್ದರೆ ಹೈದರಾಲಿಯ ಸೈನ್ಯವೆಲ್ಲ ಕಿಂಡಿಯಿಂದ ಒಳಗೆ ಬಂದಿರುತ್ತಿತ್ತು ಅಂತ.) ಎದುರಿಗೆ ಕೂತು ಮಾತಾಡಿದರೆ ತುಟಿಯನ್ನೂ ನೋಡಿ ಹೇಗೋ ನಿಭಾಯಿಸುತ್ತೇನೆ. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಹಳೆಯ ಫೋನ್ ವ್ಯವಸ್ಥೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. 'ಸ' ಅಕ್ಷರದ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಈಗಿನ 4ಜಿ ಕರೆಯಲ್ಲಿ ಇನ್ನಷ್ಟು ಬರುತ್ತದೆ ನಿಜ, ಆದರೆ ನನ್ನ ಕಿವಿ ಕಳೆದುಕೊಂಡಿರುವುದೂ ಆ ಮೇಲಿನ ಸದ್ದುಗಳನ್ನೇ.

ಹೊಸದುರ್ಗದ ಖಾಲಾ ಹೊಲಿಗೆ ಮಾಡುತ್ತಾರೆ. ಒಮ್ಮೆ ಫೋನ್ ಮಾಡಿ ಜಿಪ್ ತರಲು ಹೇಳಿದರು. ಉರ್ದುವಿನಲ್ಲಿ ಸಾಠ್ ಎಂದರೆ ಅರವತ್ತು, ಆಠ್ ಎಂದರೆ ಎಂಟು. ಆ ಒಂದು 'ಸ' ನನಗೆ ಕೇಳಲಿಲ್ಲ. ಮದುವೆ ಸೀಸನ್ನಿನಲ್ಲಿ ಎಂಟೇ ಎಂಟು ಜಿಪ್ ಹಿಡಿದು ಹೊಸದುರ್ಗದಲ್ಲಿ ಬಸ್ಸಿಳಿದೆ. ಖಾಲಾ ಬೈಯಲಿಲ್ಲ. "ಇನ್ಮೇಲೆ ನಿಮ್ಮ ಅಮ್ಮಿಗೇ ಹೇಳ್ತೀನಿ ಬಿಡು" ಎಂದರು. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ ನನ್ನ ಕರೆಗಳನ್ನೆಲ್ಲ ಅಮ್ಮಿಯೇ ಎತ್ತಿ ನನಗೆ ಸಾರಾಂಶ ಹೇಳುವುದು ರೂಢಿಯಾಯಿತು. ಹಿರಿಯೂರಿನ ನಾನಿ ಹತ್ತು ನಿಮಿಷ ಮಾತಾಡಿದರೂ ನನಗೆ ಸಿಗುತ್ತಿದ್ದದ್ದು "ನಾನಿ ದುವಾ ಹೇಳಿದ್ರು" ಎಂಬ ಒಂದೇ ಸಾಲು.

ಫೋನನ್ನು ಕಿವಿಗೆ ಒತ್ತಿಕೊಂಡರೆ ಆಗದೇ ಎಂದು ಕೇಳುತ್ತಾರೆ. ಮಷೀನಿನ ಮೈಕ್ ಇರುವುದು ಕಿವಿಯ ಹಿಂದೆ, ಮೇಲ್ಗಡೆ. ಫೋನ್ ಒತ್ತಿದರೆ ಕುಂಯ್ ಎಂದು ಕೂಗುತ್ತದೆ. ಅಚ್ಚು ಕೂತಿರುವ ಕಿವಿಯಲ್ಲಿ ಇಯರ್‌ಬಡ್‌ಗೆ ಜಾಗವೂ ಇಲ್ಲ. ನನ್ನ ಕುತ್ತಿಗೆಯ ಡಬ್ಬಿಗೆ ಸ್ಟ್ರೀಮರ್ ಎನ್ನುತ್ತಾರೆ. ಅದು ಫೋನಿನಿಂದ ಬ್ಲೂಟೂತ್‌ನಲ್ಲಿ ದನಿ ತೆಗೆದುಕೊಂಡು, ಕುತ್ತಿಗೆಯ ವೈರನ್ನೇ ಆಂಟೆನಾ ಮಾಡಿಕೊಂಡು ಎರಡೂ ಮಷೀನಿಗೆ ನೇರ ಕಳಿಸುತ್ತದೆ. ಅದು ಬಂದ ಮೇಲೆ ಹೊಳಲ್ಕೆರೆಯಿಂದ ದುರ್ಗಕ್ಕೆ ಬರುವ ಬಸ್ಸಿನಲ್ಲಿ ಮೊದಲ ಸಲ ನಾನಿ ಜೊತೆ ನಾನೇ ಮಾತಾಡಿದೆ. ಅವರು ಮಧ್ಯೆ ಮಧ್ಯೆ ಕೆಮ್ಮುವುದು ಕೇಳಿಸಿತು. ಅಮ್ಮಿಯ ಸಾರಾಂಶದಲ್ಲಿ ಆ ಕೆಮ್ಮು ಯಾವತ್ತೂ ಇರಲಿಲ್ಲ.

ಕಾಲೇಜಿನಲ್ಲಿ ಫೋನ್ ಇಲ್ಲ, ಮತ್ತೆ ಸ್ಟ್ರೀಮರ್ ಯಾಕೆ ಎಂದರೆ, ಅದಕ್ಕೆ ಜೋಡಿಯಾಗಿ ಒಂದು ಪುಟ್ಟ ಮೈಕ್ ಇದೆ. ಅಕೌಂಟೆನ್ಸಿ ಮೇಡಂ ಅದನ್ನು ದುಪಟ್ಟಾಕ್ಕೆ ಸಿಕ್ಕಿಸಿಕೊಂಡರೆ ಫ್ಯಾನಿನ ಸದ್ದು ದಾಟಿ ಅವರ ದನಿ ನನ್ನ ಕಿವಿಗೆ ಬರುತ್ತದೆ.

ಹಾಡಿನ ವಿಷಯವನ್ನೂ ಮುಚ್ಚಿಡುವುದಿಲ್ಲ, ಕೇಳುತ್ತೇನೆ. ಇಷ್ಟು ದುಡ್ಡು ಕೊಟ್ಟಿದ್ದು ಹಾಡಿಗಾ ಎಂದು ಅಬ್ಬು ಮೊದಮೊದಲು ಗೊಣಗಿದರು. ಕಿವಿ ಚೆನ್ನಾಗಿರುವವರು ಹಾಡು ಕೇಳಿದರೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ! ಮಷೀನನ್ನು ಹೊಂದಿಸಿರುವುದು ಮಾತಿಗೆ. ಕೊಳಲು ಒಂದೇ ಸ್ವರವನ್ನು ಉದ್ದಕ್ಕೆ ಎಳೆದರೆ ಅದು ತನ್ನದೇ ಕುಂಯ್ ಸದ್ದು ಎಂದು ತಪ್ಪು ತಿಳಿದು ಅಳಿಸಲು ಹೋಗುತ್ತದೆ. ಸ್ವರ ನಡುಗುತ್ತದೆ. ಇದನ್ನು ಹೇಳಿದ ಮೇಲೆ ಆಡಿಯಾಲಜಿಸ್ಟ್ ಸಂಗೀತಕ್ಕೇ ಬೇರೆ ಪ್ರೋಗ್ರಾಂ ಹಾಕಿಕೊಟ್ಟರು. ವಾದ್ಯವಿಲ್ಲದ ನಾತ್ ಈಗ ಬಹಳ ಸ್ಪಷ್ಟ. ಹಾರ್ಮೋನಿಯಂ, ಚಪ್ಪಾಳೆ ಎಲ್ಲ ಒಟ್ಟಿಗೆ ಬರುವ ಕವ್ವಾಲಿ ಇನ್ನೂ ಕಲಸುಮೇಲೋಗರ. ರಸ್ತೆ ದಾಟುವಾಗ ಮಾತ್ರ ಹಾಡು ಬಂದ್.

ಮನೆಯಲ್ಲಿ ಯಾರಿಗಾದರೂ ಮಷೀನ್ ತೆಗೆದುಕೊಳ್ಳುವವರಿದ್ದರೆ ಫೋನಿನ ವಿಷಯವನ್ನು ಮೊದಲೇ ಕೇಳಿ. ಒಂದು ಕಂಪನಿಯ ಸ್ಟ್ರೀಮರ್ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಮಷೀನಿಗೆ ಕೂಡುವುದಿಲ್ಲ. ಮಷೀನಿನಲ್ಲಿ ಟೆಲಿಕಾಯಿಲ್ ಇದ್ದರೆ ಬೇರೆ ಕಂಪನಿಯ ಕುತ್ತಿಗೆ ಲೂಪ್ ಕೂಡ ನಡೆಯುತ್ತದೆ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ ಕೆಲವು ಫೋನುಗಳು ಕೆಲವು ಮಷೀನಿಗೆ ಡಬ್ಬಿಯಿಲ್ಲದೆ ನೇರ ಕೂಡುತ್ತವೆ, ಆದರೆ ಎಲ್ಲವೂ ಅಲ್ಲ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ ಎಂದು ತಿಳಿದಾಗ ಖುಷಿಯಾಗಿತ್ತು. ಬ್ಯಾಟರಿ ಲೆಕ್ಕ ಬರೆಯಲು ಶುರುಮಾಡಿದ ಮೇಲೆ ಆ ಖುಷಿ ಇಳಿಯಿತು.

ಇನ್ನು ಪರೀಕ್ಷೆ. ಬ್ಲೂಟೂತ್ ಎಂದರೆ ನಮ್ಮ ರಾಜ್ಯದಲ್ಲಿ ಯಾಕೆ ಬೆಚ್ಚಿಬೀಳುತ್ತಾರೆ ಎಂದು ನನಗೂ ಗೊತ್ತು. 2021ರಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ, 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಯ ಕೆಇಎ ಪರೀಕ್ಷೆ, ಎರಡರ ಅಕ್ರಮದಲ್ಲೂ ಬ್ಲೂಟೂತ್ ಬಳಕೆಯಾಗಿತ್ತು. ತಪಾಸಣೆ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಕಳೆದ ವರ್ಷ ಬೇರೆ ಕಡೆ ಬರೆದ ಒಂದು ಪರೀಕ್ಷೆಯಲ್ಲಿ ನನ್ನ ಮಷೀನನ್ನೇ ತೆಗೆಸಿ ಮೇಜಿನ ಮೇಲಿಟ್ಟರು. ಪ್ರಶ್ನೆಪತ್ರಿಕೆಯಲ್ಲಿ 45,000 ಇರಬೇಕಾದ ಕಡೆ 54,000 ಅಚ್ಚಾಗಿದೆ, ತಿದ್ದಿಕೊಳ್ಳಿ ಎಂದು ಮಧ್ಯದಲ್ಲಿ ಹೇಳಿದರಂತೆ. ಎಲ್ಲರೂ ತಿದ್ದಿಕೊಂಡರು. ಟ್ಯಾಲಿ ಆಗದ ಬ್ಯಾಲೆನ್ಸ್ ಶೀಟ್ ಇಟ್ಟುಕೊಂಡು ನಾನು ಮುಕ್ಕಾಲು ಗಂಟೆ ಕೂತಿದ್ದೆ.

ಸ್ಟ್ರೀಮರ್ ಬೇರೆ, ಮಷೀನ್ ಬೇರೆ. ಪರೀಕ್ಷೆಯ ದಿನ ಸ್ಟ್ರೀಮರ್ ಅನ್ನು ನಾನೇ ಹೊರಗೆ ಒಪ್ಪಿಸುತ್ತೇನೆ. ನೇರ ಬ್ಲೂಟೂತ್ ಇರುವ ಮಷೀನಿನಲ್ಲೂ ವೈರ್‌ಲೆಸ್ ಆಫ್ ಮಾಡುವ ಫ್ಲೈಟ್ ಮೋಡ್ ಸಾಮಾನ್ಯವಾಗಿ ಇರುತ್ತದೆ. ಈ ವಿವರವನ್ನು ನಮ್ಮ ಕಾಲೇಜು ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಮೊದಲೇ ಪತ್ರದಲ್ಲಿ ತಿಳಿಸಬೇಕು. ದಿನನಿತ್ಯಕ್ಕೆ ನನ್ನ ಐಡಿ ಕಾರ್ಡಿನ ಹಿಂದೆ ಒಂದು ಸಾಲು ಬರೆದು ಸೀಲ್ ಹಾಕಿಕೊಟ್ಟರೆ ಗೇಟಿನ ಅಂಕಲ್‌ಗೂ ಸುಲಭ. ಪ್ರಾಂಶುಪಾಲರಿಗೆ ಅರ್ಜಿ ಬರೆದಿಟ್ಟಿದ್ದೇನೆ, ಸೋಮವಾರ ಕೊಡುತ್ತೇನೆ. ಜೊತೆಗೆ ಸಹಿ ಹಾಕುವವರು ಬನ್ನಿ, ಮೊದಲ ಬೆಂಚಿನಲ್ಲಿರುತ್ತೇನೆ. ಹಿಂದಿನಿಂದ ಕೂಗಬೇಡಿ, ಎದುರಿಗೆ ಬನ್ನಿ.